ಗಿಲಾವ್ (ಪ್ಲಾಸ್ಟರ್) ಆದ ಮ್ಯಾಲೆ ಯಾರಿಗೂ ಕಾಣಂಗಿಲ್ಲ

ಬಾಗಲಕೋಟಿ ನವನಗರದಾಗ ನಂದೊಂದು ಸಣ್ಣ ಆಫೀಸು, ಸ್ಟ್ರಕ್ಚರಲ್ ಕೆಲ್ಸ, ಅಂದ್ರ ಕಟ್ಟಡ ಭಾರ ತಡೀತೈತೋ ಇಲ್ಲೋ ಅಂತ ಲೆಕ್ಕ ಹಾಕೋದು. ಹೊಸಾ ಮನಿ ಡಿಸೈನೂ ಬರ್ತಾವು, ಇಲ್ಲ ಅನ್ನಂಗಿಲ್ಲ, ಆದ್ರ ಫೋನ್ ಜಾಸ್ತಿ ಬರೋದು "ಸರ, ಮ್ಯಾಲೊಂದು ಮಜಲು ಏರಸ್ಬೇಕು, ತಡೀತೈತೇನ್ ಬಂದ್ ನೋಡ್ರಿ" ಅಂತ. ಊರಿನ ಕತಿ ಗೊತ್ತಿಲ್ದವ್ರಿಗೆ ಹೇಳ್ತೀನಿ. ಆಲಮಟ್ಟಿ ಡ್ಯಾಮಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಾಗ, ಅದರ ಹಿನ್ನೀರಿಗೆ ಹಳೇ ಊರಿಂದು ಭಾಳಷ್ಟು ಹೋಗ್ತೈತಿ ಅಂತ ಎಂಬತ್ತರ ದಶಕದಾಗ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವ್ರ ಕಡಿಂದ ಪ್ಲಾನ್ ಮಾಡ್ಸಿ, ಸೆಕ್ಟರ್ ಸೆಕ್ಟರ್ ಅಂತ ಹೊಸ ಊರು ಎಬ್ಬಿಸಿದ್ರು. ಮುಳುಗಡಿ ದುಡ್ಡು ಬಂದಂಗ ಬಂದಂಗ ಜನ ಮನಿ ಕಟ್ಕೊಂಡ್ರು. ಆ ಮನಿಗೋಳಿಗೆಲ್ಲ ಈಗ ಮೂವತ್ತು ವರ್ಷದ ಮ್ಯಾಲಾಗೇತಿ, ಮಕ್ಕಳ ಲಗ್ನ ಆಗ್ಯಾವು, ಅಣ್ಣ ಕೆಳಗ ತಮ್ಮ ಮ್ಯಾಲೆ ಅನ್ನೋ ಮಾತು ಬಂದೈತಿ.

ಡ್ರಾಯಿಂಗ್ ಐತೇನ್ರಿ ಅಂದ್ರ ಪರ್ಮಿಶನ್ ಪ್ಲಾನಿಂದು ಝೆರಾಕ್ಸ್ ತಂದು ಕೊಡ್ತಾರ. ಅದ್ರಾಗ ಅಡಗಿ ಮನಿ ಎಷ್ಟ್ ಅಗಲ, ಜಗಲಿ ಯಾವ ದಿಕ್ಕಿಗೆ, ಎಲ್ಲಾ ಇರ್ತೈತಿ, ಪಾಯಾ ಎಷ್ಟು ಆಳ, ಸ್ಲ್ಯಾಬಿನಾಗ ಯಾವ ಸಳಿ (ಕಬ್ಬಿಣದ ರಾಡ್) ಎಷ್ಟ್ ಅಂತರಕ್ಕ, ಅದು ಮಾತ್ರ ಇರಂಗಿಲ್ಲ. ಕಟ್ಟಿದ ಗೌಂಡಿನ ಕೇಳೋಣಂದ್ರ ಅಂವ ಇರಂಗಿಲ್ಲ, ಇದ್ರೂ "ಚಲೋ ಹಾಕೇವ್ರಿ ಸಾಹೇಬ್ರ, ಆಗಿನ ಕಾಲದ ಕೆಲ್ಸ" ಅಂತಾನ, ಅದನ್ನ ಕ್ಯಾಲ್ಕುಲೇಷನ್ ಶೀಟಿನಾಗ ಹೆಂಗ್ ಬರೀಲಿ.

ಅದಕ್ಕ ನಾ ಈಗ ಮೊದಲ ಕೇಳೋದು ಆಲ್ಬಮ್. ಪಾಯಾ ಪೂಜಿದು, ಚೌಕಟ್ಟು ಪೂಜಿದು, ಸ್ಲ್ಯಾಬ್ ಹಾಕಿದ ದಿನದ್ದು, ಮನಿಶಾಂತಿದು, ಏನಿದ್ರೂ ತರ್ರಿ ಅಂತೀನಿ. ಶುರುವಿಗೆ ಜನ ನಗ್ತಾರ. ಮನಿ ತಡೀತೈತೋ ಇಲ್ಲೋ ಕೇಳಿದ್ರ ಈ ಸರ ಫೋಟೋ ಕೇಳ್ತಾನಲ್ಲ ಅಂತ.

ಸ್ಲ್ಯಾಬ್ ದಿನದ ಫೋಟೋ ಅಂದ್ರ ನಮ್ಮ ಕಡೆ ಹೆಚ್ಚುಕಮ್ಮಿ ಎಲ್ಲಾ ಒಂದ ಥರ ಇರ್ತಾವು. ಯಜಮಾನ್ರು ಬಿಳಿ ಅಂಗಿ ಹಾಕ್ಕೊಂಡು ಕಟ್ಟಿದ ಸಳಿ ಮ್ಯಾಲ ನಿಂತಿರ್ತಾರ, ಬಾಜೂಕ ಅವ್ರ ಮನಿಯವ್ರು, ಕೈಯಾಗ ಕಾಯಿ, ಹಿಂದ ಪುಟ್ಟಿ ಹೊತ್ತ ಹೆಣ್ಮಕ್ಕಳು ಸಾಲಾಗಿ. ಫೋಟೋ ತಗದಾಂವ ಮಾರಿ ನೋಡಿ ತಗದಿರ್ತಾನ, ನಾ ಕಾಲ ಕೆಳಗ ನೋಡ್ತೀನಿ. ಹಿಂದಕಿನ ಒಂದ್ ಆಲ್ಬಮಿನಾಗಿನ ಫೋಟೋ ಇನ್ನೂ ಕಣ್ಣಾಗೈತಿ, ಬಣ್ಣ ಎಲ್ಲಾ ಕೆಂಪಗಾಗಿ ಮಾಸಿತ್ತು, ಆದ್ರ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದ್ರ ಚಪ್ಪಲಿ ಪಕ್ಕದಾಗ ಸಳಿ ಚೊಕ್ಕ ಕಾಣ್ತಿತ್ತು, ಹಗ್ಗ ಹೊಸೆದಂಗ ತಿರುವಿದ ಸಳಿ, ಅಂದ್ರ ಟಾರ್ ಸ್ಟೀಲ್. ಇದು ಯಾಕ ದೊಡ್ಡ ಮಾತಂದ್ರ, ನುಣ್ಣಗಿನ ಗುಂಡು ಸಳಿ ಇದ್ರ ಲೆಕ್ಕದಾಗ ಅದರ ತಾಕತ್ತು ಚದರ ಮಿಲಿಮೀಟರಿಗೆ 250 ನ್ಯೂಟನ್ ಹಿಡೀಬೇಕು, ಟಾರ್ ಇದ್ರ 415, ಒಂದ ದಪ್ಪದ ಸಳಿ ಇದ್ರೂ ತಾಕತ್ತಿನಾಗ ಅಷ್ಟು ಫರಕು. ಗ್ವಾಡಿ ಮ್ಯಾಲ ಸ್ಲ್ಯಾಬ್ ಮ್ಯಾಲ ಕವರ್ ಮೀಟರ್ ಆಡ್ಸಿದ್ರ ಸಳಿ ಎಲ್ಲೈತಿ, ಎಷ್ಟ್ ಒಳಗೈತಿ ಅಂತ ಹೇಳ್ತೈತಿ, ದಪ್ಪ ಅಂದಾಜಿಗೆ ಹೇಳ್ತೈತಿ, ಆದ್ರ ಅದು ಗುಂಡೋ ಟಾರೋ ಅಂತ ಹೇಳಂಗಿಲ್ಲ. ಅದಕ್ಕ ಒಂದ್ ಕಡೆ ಒಡದು ನೋಡ್ಬೇಕು. ಫೋಟೋ ಇದ್ರ ಎಲ್ಲಿ ಒಡೀಬೇಕು ಅನ್ನೋದರ ಗೊತ್ತಾಗ್ತೈತಿ, ಸಿಕ್ಕಲ್ಲೆಲ್ಲ ತೂತು ಹೊಡಿಯೋದು ತಪ್ತೈತಿ.

ಅದ ಫೋಟೋದಾಗ ಇನ್ನೊಂದು ಕಂಡಿತು. ಯಜಮಾನ್ರು ನಿಂತಿದ್ದು ಬಾಲ್ಕನಿ ಕಡೆ. ಮನಿ ಒಳಗಿನ ಸ್ಲ್ಯಾಬಿಗೆ ಮುಖ್ಯ ಸಳಿ ನಡಬರಕ ತಳಕ್ಕಿದ್ರ ಸರಿ, ಆದ್ರ ಹೊರಗ ಚಾಚಿದ ಬಾಲ್ಕನಿಗೆ ಮ್ಯಾಲಿರ್ಬೇಕು, ಎಳೆತ ಬರೋದು ಮ್ಯಾಲಿನ ಮೈಗೆ. ಮ್ಯಾಲ ಇರ್ಬೇಕಂದ್ರ ಕೆಳಗ ಚೇರ್ ಇಡ್ಬೇಕು, ಸಳೀನ ಬಗ್ಗಿಸಿ ಮಾಡಿದ ಸ್ಟ್ಯಾಂಡು. ಫೋಟೋದಾಗ ಚೇರ್ ಒಂದೂ ಇಲ್ಲ, ಐದಾರು ಮಂದಿ ಭಾರಕ್ಕ ಜಾಳಿಗಿ ಪೂರಾ ಕೆಳಗ ಕುಂತೈತಿ. ಕಾಂಕ್ರೀಟ್ ಹಾಕೋ ಮುಂದ ಮತ್ತ ಎತ್ತಿ ಕಟ್ಟಿರ್ಬಹುದಲ್ಲ ಅಂತ ಕವರ್ ಮೀಟರ್ ಹಿಡದು ನೋಡಿದೆ, ಇಲ್ಲ, ಸಳಿ ಮ್ಯಾಲಿಂದ ಭಾಳ ಆಳಕ್ಕಿತ್ತು. ಆ ಮನಿ ಮಗ ಬಾಲ್ಕನಿ ಮ್ಯಾಲ ಗ್ವಾಡಿ ಕಟ್ಟಿ ರೂಮ್ ದೊಡ್ಡದು ಮಾಡ್ಬೇಕಂತಿದ್ದ, ಬ್ಯಾಡ ಅಂದೆ, ಬ್ಯಾಸರ ಮಾಡ್ಕೊಂಡ, ಆ ಫೋಟೋ ಅವನ ಮುಂದ ಇಟ್ಟು ಅವ್ರ ಅಪ್ಪನ ಕಾಲ ಕೆಳಗ ಬೊಟ್ಟು ಮಾಡಿ ತೋರ್ಸಿದ ಮ್ಯಾಲೆ ಸುಮ್ಮನಾದ. ಈಗ ಆ ಬಾಲ್ಕನಿಗೆ ಕೆಳಗ ಎರಡು ಕಾಲಂ ಕೊಟ್ಟೇವಿ.

ಹಳೇ ಸೈಟ್ ಫೋಟೋ ನೋಡೋ ಚಟ ಹತ್ತಿದ್ದು ಹಿಂಗ. ಆಮ್ಯಾಲ ರಾತ್ರಿ ಕುಂತು ಬ್ಯಾರೆ ಬ್ಯಾರೆ ಊರಿಂದೂ ನೋಡ್ಲಿಕ್ಕೆ ಶುರು ಮಾಡಿದೆ. ಎಲ್ರಿಗೂ ಗೊತ್ತಿರೋದು ಒಂದ, ಹನ್ನೊಂದು ಮಂದಿ ಕಬ್ಬಿಣದ ಬೀಮ್ ಮ್ಯಾಲ ಕಾಲು ಇಳಿಬಿಟ್ಟು ಊಟಕ್ಕ ಕುಂತದ್ದು, ಕೆಳಗ ನ್ಯೂಯಾರ್ಕ್. ನಮ್ಮೂರಾಗೂ ಯಾವ ಕಾಂಟ್ರ್ಯಾಕ್ಟರ್ ಆಫೀಸಿಗೆ ಹೋದ್ರೂ ಕುರ್ಚಿ ಹಿಂದ ಆ ಪೋಸ್ಟರ್ ಇರೋದ. ಅದು 1932ರ ಸೆಪ್ಟೆಂಬರ್ 20ರ ಫೋಟೋ, ರಾಕ್‌ಫೆಲ್ಲರ್ ಸೆಂಟರ್ ಕಟ್ಟೋ ಮುಂದ ಪ್ರಚಾರಕ್ಕಂತ ತಗಸಿದ್ದು. ಮಂದಿ ಖರೇನ ಕೆಲಸಗಾರ್ರು, ಎತ್ತರಾನೂ ಖರೇ, ಆದ್ರ ಕುಂಡ್ರಿಸಿ ತಗದದ್ದು. ಚಂದ ಐತಿ, ಬ್ಯಾಡ ಅನ್ನಂಗಿಲ್ಲ, ಆದ್ರ ಆ ಬೀಮ್ ಕಾಲಂಗೆ ಹೆಂಗ್ ಕೂಡ್ಸ್ಯಾರ ಅಂತ ಕೇಳಿದ್ರ ಆ ಫೋಟೋ ಏನೂ ಹೇಳಂಗಿಲ್ಲ. ಎಂಪೈರ್ ಸ್ಟೇಟ್ ಕಟ್ಟೋ ಮುಂದ ಲೂಯಿಸ್ ಹೈನ್ ಅನ್ನಾಂವ ತಗದ ಫೋಟೋಗಳು ನನಗ ಹೆಚ್ಚು ಸೇರ್ತಾವು. ಕಟ್ಟಡದಿಂದ ಹೊರಗ ಚಾಚಿದ ಬುಟ್ಟಿಯಾಗ ಜೋತಾಡಿ ತಗದಾನಂತ, ಆಗ ಅವನ ವಯಸ್ಸು ಐವತ್ತು ದಾಟಿತ್ತು. ಅವನ ಫೋಟೋದಾಗ ಬೋಲ್ಟ್ ಬಿಗಿಯೋ ಕೈ, ಪಾನಾ, ಕೇಬಲ್, ಕೆಲ್ಸ ಹೆಂಗ್ ನಡದೈತಿ ಅನ್ನೋದು ಕಾಣ್ತೈತಿ. 1930ರ ಮಾರ್ಚಿನಾಗ ಶುರು ಮಾಡಿ 1931ರ ಮೇ 1ಕ್ಕ 102 ಮಜಲಿನ ಬಿಲ್ಡಿಂಗ್ ಓಪನ್ ಮಾಡಿದ್ರು. ನಮ್ಮಲ್ಲಿ ಅಷ್ಟರಾಗ ಒಂದ್ ಕಂಪೌಂಡ್ ಮುಗಿದ್ರ ಪುಣ್ಯ.

ಆದ್ರ ನನ್ನ ಕೆಲ್ಸಕ್ಕ ಬಂದದ್ದು ಇವ್ಯಾವೂ ಅಲ್ಲ. ಅದ ನ್ಯೂಯಾರ್ಕಿನಾಗ 1900ರಿಂದ ನೆಲದ ಕೆಳಗ ಸಬ್‌ವೇ ರೈಲಿಗೆ ರಸ್ತಾ ಅಗದ್ರು ನೋಡ್ರಿ, ಆ ಕೆಲ್ಸಕ್ಕ ಪಿಯರ್ ಪುಲಿಸ್ ಅಂತ ಒಬ್ಬ ಫೋಟೋಗ್ರಾಫರ್ನ ಇಟ್ಕೊಂಡಿದ್ರು, ಅವನ ತಮ್ಮ ಗ್ರ್ಯಾನ್‌ವಿಲ್ ಕೂಡಾ ಅದ ಕೆಲ್ಸ ಮಾಡಿದ. ದೊಡ್ಡ ಗಾಜಿನ ಪ್ಲೇಟಿನ ಕ್ಯಾಮೆರಾ. ಇವ್ರ ಕೆಲ್ಸ ಬರೇ ಸುರಂಗದ ಫೋಟೋ ತಗಿಯೋದಲ್ಲ, ಅಗಿಯೋಕಿಂತ ಮೊದ್ಲ ಆ ರಸ್ತಾದ ಮನಿ, ಅಂಗಡಿ, ಫುಟ್‌ಪಾತ್, ಕಂಬ, ಗ್ವಾಡಿ ಬಿರುಕು ಎಲ್ಲಾ ಇದ್ದದ್ದು ಇದ್ದಂಗ ತಗದಿಡೋದು. ಯಾಕಂದ್ರ ನಾಳೆ ಯಾರರ ಬಂದು ನಿಮ್ಮ ಸುರಂಗದಿಂದ ನಮ್ಮನಿ ಬಿರೀತು, ರೊಕ್ಕ ಕೊಡ್ರಿ ಅಂದ್ರ ಮೊದ್ಲ ಬಿರುಕು ಇತ್ತೋ ಇಲ್ಲೋ ನೋಡ್ಲಿಕ್ಕೆ ಬೇಕಲ್ಲ. ಪ್ಲೇಟಿನ ಮ್ಯಾಲ ನಂಬರ್, ತಾರೀಖು, ಜಾಗ ಬರದಿರ್ತಾರ. ಆ ಫೋಟೋದಾಗ ನಿಂತ ಮಂದಿ, ಕುದುರಿ ಗಾಡಿ, ಅಂಗಡಿ ಬೋರ್ಡ್ ಎಲ್ಲಾ ಈಗ ಇತಿಹಾಸ ಆಗ್ಯಾವು, ಜನ ಅದಕ್ಕ ನೋಡ್ತಾರ. ಅವ್ರು ತಗದದ್ದು ಮಾತ್ರ ಜಗಳಕ್ಕ ಸಾಕ್ಷಿ ಇರ್ಲಿ ಅಂತ.

ಇದನ್ನ ಓದಿದಾಗ ನಂಗ ಅನಿಸಿದ್ದು, ಅರೇ, ಎರಿ ಮಣ್ಣಿನ ಊರಾಗ ಇದು ನಮಗ ಅವ್ರಕಿಂತ ಹೆಚ್ಚು ಬೇಕು. ಎರಿ ಭೂಮಿ ಬ್ಯಾಸಗಿಗೆ ಬಿರೀತೈತಿ, ಮಳಿಗೆ ಉಬ್ಬತೈತಿ, ಅದರ ಮ್ಯಾಲಿನ ಮನಿ ಗ್ವಾಡಿ ಯಾರೂ ಮುಟ್ಟದಿದ್ರೂ ಕಿಟಕಿ ಮೂಲಿಂದ ಓರಿ ಬಿರುಕು ಬಿಡ್ತೈತಿ. ಬಾಜೂ ಪ್ಲಾಟಿನಾಗ ಜೆಸಿಬಿ ಬಂದ ದಿನ ಅದು ಮನಿಯವ್ರ ಕಣ್ಣಿಗೆ ಬೀಳ್ತೈತಿ. ಬ್ಯಾರೆ ದಿನ ಯಾರು ಗ್ವಾಡಿ ನೋಡ್ಕೋತ ಕುಂಡ್ರತಾರ.

ಈಗ ನಮ್ಮ ಸೈಟಿನಾಗ ಪಾಯಾ ತಗಿಯೋಕಿಂತ ಮೊದ್ಲ ಬಾಜೂ ಮನಿಗೋಳಿಗೆ ಹೋಗಿ ಕೇಳ್ಕೊಂಡು ಫೋಟೋ ತಗೀತೀವಿ. ಬಿರುಕಿನ ಪಕ್ಕ ಸ್ಟೀಲ್ ಪಟ್ಟಿ ಇಟ್ಟು ಹತ್ತರದಿಂದ ಒಂದು, ಅದು ಯಾವ ಗ್ವಾಡಿ ಅಂತ ಗೊತ್ತಾಗೋ ಹಂಗ ದೂರದಿಂದ ಒಂದು. ದೂರದ್ದು ಇಲ್ಲಂದ್ರ ಹತ್ತರದ್ದು ದಂಡ, ಯಾರ ಮನಿ ಬಿರುಕು ಅಂತ ಹೆಂಗ್ ಹೇಳ್ತೀರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿಂದ ಗೆರಿ ಹೊಡದು ತಾರೀಖು ಬರದು ಮತ್ತ ಒಂದು ಫೋಟೋ, ಮುಂದ ಉದ್ದ ಬೆಳದ್ರ ಗೆರಿ ದಾಟಿರ್ತೈತಿ. ಮಂದಿ ಬಿಡಂಗಿಲ್ಲ ಮೊದ್ಲು, ಯಾಕ್ರಿ ನಮ್ಮನಿ ಫೋಟೋ, ಕಾರ್ಪೋರೇಷನ್ನಿನವ್ರೇನು, ಟ್ಯಾಕ್ಸ್ ಏರಿಸ್ತೀರೇನು ಅಂತ. ಒಂದ್ ಸೆಟ್ ಪ್ರಿಂಟ್ ನಿಮಗೂ ಕೊಡ್ತೀನಿ, ಇಬ್ರೂ ಸಹಿ ಮಾಡೋಣ, ನಾಳೆ ನಮ್ಮಿಂದ ಹೊಸಾ ಬಿರುಕು ಬಂದ್ರ ನೀವ ಇದನ್ನ ನನ್ನ ಮುಂದ ಹಿಡೀರಿ ಅಂದ್ರ ಒಪ್ತಾರ, ಚಾನೂ ಕೊಡ್ತಾರ.

ಒಂದ್ ಸೈಟಿನಾಗ ಹಂಗ ಆತು. ಗ್ವಾಡಿ ಎರಡ್ ಕಡೆ ಬಿರದೈತಿ ಅಂತ ಬಾಜೂ ಮನಿಯವ್ರು ಬಂದ್ರು, ದನಿ ಏರಿತ್ತು, ನಮ್ಮ ಕಾಂಟ್ರ್ಯಾಕ್ಟರ್ರೂ ಕಮ್ಮಿ ಇರ್ಲಿಲ್ಲ. ಪ್ರಿಂಟ್ ತಗದು ನೋಡಿದ್ವಿ, ಅಡಗಿ ಮನೀದು ಮೊದ್ಲಿಂದ ಇತ್ತು, ಉದ್ದಾನೂ ಬೆಳದಿರ್ಲಿಲ್ಲ. ಆದ್ರ ಸಂಡಾಸ ಗ್ವಾಡಿದು ಫೋಟೋದಾಗ ಇರ್ಲಿಲ್ಲ, ಅದು ಹೊಸದು, ನಮ್ಮ ಗುಂಡಿಗೆ ಹತ್ತಿದ ಗ್ವಾಡಿನೂ ಅದ. ಕಾಂಟ್ರ್ಯಾಕ್ಟರ್ ಮಾರಿ ಸಣ್ಣದಾತು, ಅಂವ ಫೋಟೋ ತನ್ನ ಪರವಾಗೇ ಇರ್ತೈತಿ ಅಂದ್ಕೊಂಡಿದ್ದ. ರಿಪೇರಿ ಮಾಡಿಕೊಟ್ವಿ. ಅರ್ಧಾ ತಾಸಿನಾಗ ಮುಗೀತು, ಇಲ್ಲಂದ್ರ ಪಂಚಾಯ್ತಿ, ವಕೀಲ್ರು, ಕೆಲ್ಸ ಬಂದ್.

ಇನ್ನ ಸೈಟ್ ಫೋಟೋ ಹೆಂಗ್ ತಗೀಬೇಕು ಅನ್ನೋದ್ರಾಗೂ ಕೆಲ್ಸ ಎಲ್ಲಿಗೆ ಬಂತು ಅಂತ ತೋರ್ಸೋ ಹಳೇ ಪ್ರೋಗ್ರೆಸ್ ಫೋಟೋಗಳಿಂದ ಕದ್ದದ್ದ ಜಾಸ್ತಿ. ಅವನ್ನ ತಗಿಯೋರು ಒಂದ ಜಾಗಾದಾಗ ಕ್ಯಾಮೆರಾ ಇಟ್ಟು ಬಿಟ್ಟೂಬಿಡದ ತಗೀತಿದ್ರು. ನೋಡ್ಲಿಕ್ಕೆ ಬೋರ್, ಆದ್ರ ಸಾಲಾಗಿ ಇಟ್ರ ಯಾವಾಗ ಯಾವ ಮಜಲಿನ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿ ಆಗೋತನಕ ಕೊಟ್ಟ ಆಸರ) ಬಿಚ್ಚಿದ್ರು ಅಂತ ಯಾರನ್ನೂ ಕೇಳ್ಬೇಕಾಗಿಲ್ಲ, ತಾನ ಕಾಣ್ತೈತಿ. ನಮ್ಮ ಹುಡುಗ್ರಿಗೆ ನಾ ಹೇಳೋದೂ ಅದ, ಎದುರು ಮನಿ ಕಟ್ಟಿಮ್ಯಾಲ ಬಣ್ಣದ ಗುರುತು ಹಾಕ್ರಿ, ಅಲ್ಲಿ ನಿಂತ ತಗೀರಿ. ಅದರ ಮ್ಯಾಲ ಮುಚ್ಚಿ ಹೋಗೋದನ್ನ ಮುಚ್ಚೋಕಿಂತ ಮೊದ್ಲ ತಗೀರಿ. ಫುಟಿಂಗ್ ತಳದ ಮಣ್ಣು, ಎರಿ ಮುಗದು ಗರಸು ಹತ್ತಿದ್ದು ಕಾಣೋ ಹಂಗ, ಟೇಪ್ ಇಳಿಬಿಟ್ಟು. ಕಾಲಂ ಸಳಿಗೆ ಕವರ್ ಬ್ಲಾಕ್ ಕಟ್ಟಿದ್ದು, ಅಂದ್ರ ಸಳಿ ಹೊರಮೈಯಿಂದ ಒಳಗ ಉಳಿಯೋ ಹಂಗ ಇಡೋ ತುಂಡು, 40 ಎಂಎಂ ಐತೋ ಇಲ್ಲೋ. ಸ್ಲ್ಯಾಬಿನಾಗ ಹೋದ ಕರೆಂಟ್ ಪೈಪು, ಬಾತ್‌ರೂಮ್ ಗ್ವಾಡಿಯಾಗಿನ ನೀರಿನ ಪೈಪು, ಇದಕ್ಕಂತೂ ಮನಿಯವ್ರು ಜೀವನಪೂರ್ತಿ ನೆನಸ್ತಾರ, ಗೀಸರ್ ಕೂಡ್ಸೋ ಮುಂದ ಡ್ರಿಲ್ ಎಲ್ಲಿ ಹೊಡೀಬೇಕು ಗೊತ್ತಿರ್ತೈತಿ. ನಮ್ಮ ಹುಡುಗ್ರು ಮಾತ್ರ ಇನ್ನೂ ಸ್ಲ್ಯಾಬ್ ಮ್ಯಾಲ ಹೆಲ್ಮೆಟ್ ಹಾಕ್ಕೊಂಡು ಸೂರ್ಯ ಮುಳುಗೋ ಟೈಮಿಗೆ ಸೆಲ್ಫಿ ಕಳಸ್ತಾರ, ಇರ್ಲಿ, ಅದೂ ಬೇಕು ಅವ್ರಿಗೆ, ಸ್ಟೇಟಸ್ ಹಾಕ್ಲಿ, ಆದ್ರ ಫೈಲಿಗೆ ಟೇಪ್ ಇರೋ ಫೋಟೋ ಬರ್ಲಿ.

ವಾಟ್ಸಾಪಿನಾಗ ಸುಮ್ಮ ಫೋಟೋ ಅಂತ ಕಳಿಸಿದ್ರ ಅದು ಕುಗ್ಗಿ ಬರ್ತೈತಿ, ತಗದ ತಾರೀಖು ಜಾಗದ ಮಾಹಿತಿನೂ ಉದುರಿ ಹೋಗ್ತೈತಿ. ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾ ಕೇಬಲ್ ಹಾಕಿ ಕಂಪ್ಯೂಟರಿಗೆ ಹಾಕ್ರಿ. ಮಾತು ಕೋರ್ಟಿಗೆ ಹೋದ್ರ ಮೊಬೈಲ್ ಫೋಟೋ ಜೋಡಿ ಸರ್ಟಿಫಿಕೇಟ್ ಬೇಕು, ಮೊದ್ಲು ಹಳೇ ಎವಿಡೆನ್ಸ್ ಆಕ್ಟಿನ 65ಬಿ ಅಂತಿದ್ರು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಮೂಲ ಫೈಲ್ ಇಲ್ಲದ ಬರೇ ಫಾರ್ವರ್ಡ್ ಮಾಡಿದ್ದು ಹಿಡ್ಕೊಂಡು ಹೋದ್ರ ವಕೀಲ್ರ ಮೊದ್ಲ ತಲಿ ಕೆರ್ಕೋತಾರ.

ಮಂದಿ ವಿಷಯ ಒಂದು ಹೇಳಿ ಬಿಡ್ತೀನಿ. ಅರ್ನ್‌ಸ್ಟ್ ಶೈಡೆಗ್ಗರ್ ಅನ್ನೋ ಸ್ವಿಸ್ ಫೋಟೋಗ್ರಾಫರ್ 1956ರಾಗ ಚಂಡೀಗಢ ಕಟ್ಟೋದನ್ನ ತಗದಾನ. ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಮಾಡಿದ ಅಷ್ಟ್ ದೊಡ್ಡ ಕಾಂಕ್ರೀಟ್ ಕಟ್ಟಡ, ಅದಕ್ಕ ಮಾಲು ಏರಿದ್ದು ಸೀರಿ ಉಟ್ಟ, ಸಲವಾರ್ ಹಾಕಿದ ಹೆಣ್ಮಕ್ಕಳ ತಲಿ ಮ್ಯಾಲ, ಕಟಗಿ ಅಟ್ಟದ ದಾರ್ಯಾಗ. ಅದ ಹೊತ್ತಿಗೆ ಬೆಂಗಳೂರಾಗ ವಿಧಾನಸೌಧದ ಕೆಲ್ಸ ಮುಗೀಲಿಕ್ಕೆ ಬಂದಿತ್ತು, 1951ರಾಗ ನೆಹರೂ ಅಡಿಗಲ್ಲು ಹಾಕಿದ್ದು, 1956ಕ್ಕ ಆತು. ಕೆಂಗಲ್ ಹನುಮಂತಯ್ಯ ಅವ್ರ ಹೆಸರು ಎಲ್ರ ಬಾಯಾಗೈತಿ, ಇಂಜಿನಿಯರ್ ಮಾಣಿಕಂ ಹೆಸರು ನಮ್ಮಂಥವ್ರಿಗೆ ಗೊತ್ತು, ಕಲ್ಲು ಕೆತ್ತಿದವ್ರ ಹೆಸರು ಯಾವ ಬೋರ್ಡಿನಾಗೂ ಇಲ್ಲ. ನವನಗರದ ಆಲ್ಬಮಿನಾಗೂ ಪುಟ್ಟಿ ಹೊತ್ತವ್ರು ಯಜಮಾನ್ರ ಹಿಂದ ಅರ್ಧಾ ಕಾಣ್ತಾರ, ಫ್ರೇಮಿಗೆ ಕಟ್ ಆಗಿರ್ತಾರ. ಹಂಗಾಗಿ ನಮ್ಮ ಫೈಲಿನಾಗ ಸ್ಲ್ಯಾಬ್ ದಿನ ಗ್ಯಾಂಗಿನ ಎಲ್ರದೂ ಒಂದು ಫೋಟೋ ಹಿಡೀತೀವಿ, ಹಿಂದ ಹೆಸರು ಬರಸ್ತೀವಿ. ಅದ್ರಿಂದ ಕೆಲ್ಸದ ಉಪಯೋಗಾನೂ ಐತಿ, ಹತ್ತು ವರ್ಷ ಬಿಟ್ಟು ಏನರ ಕೇಳಬೇಕಂದ್ರ ಯಾರನ್ನ ಹುಡುಕ್ಬೇಕು ಗೊತ್ತಾಗ್ತೈತಿ.

ಆಲಮಟ್ಟಿ ಡ್ಯಾಮಿನ ನೀರು ಈಗ 519.6 ಮೀಟರಿಗೆ ನಿಂತೈತಿ, 524.256ಕ್ಕ ಏರಿಸ್ಲಿಕ್ಕೆ ಕೃಷ್ಣಾ ನೀರು ಹಂಚೋ ಟ್ರಿಬ್ಯುನಲ್ 2010ರಾಗ ಹೂಂ ಅಂದೈತಿ. ಏರಿದ್ರ ಇನ್ನಷ್ಟು ಮನಿ, ಹೊಲ ಹೋಗ್ತಾವು. ಪರಿಹಾರಕ್ಕ ಸಾಕ್ಷಿ ಅಂತ ಏನ್ ಫೋಟೋ ಇಡ್ಬೇಕು ಅಂತ ಹೊಳಿ ದಂಡಿಗಿನ ಹಳ್ಳಿ ಮಂದಿ ಕೇಳಿದಾಗ ನಾ ಹೇಳೋದು ಇಷ್ಟ, ಮನಿ ಮುಂದ ಮಕ್ಕಳನ್ನ ನಿಲ್ಲಿಸಿ ತಗದದ್ದು ಇರ್ಲಿ, ಅದರ ಜೋಡಿ ಒಳಗ ಹೋಗಿ ಮಾಳಿಗಿ ತೊಲಿ ತಗೀರಿ, ತೊಲಿ ಸಾಗವಾನಿದೋ ಬೇವಿನ್ದೋ ಗೊತ್ತಾಗ್ಬೇಕು, ಗ್ವಾಡಿ ಎಷ್ಟ್ ದಪ್ಪ ಅಂತ ಬಾಗಲ ಹತ್ರ ಟೇಪ್ ಹಿಡದು ತಗೀರಿ, ಫರಸಿ, ಹಗೇವು (ಕಾಳು ತುಂಬಿಡೋ ನೆಲದ ಗುಂಡಿ), ಬಾವಿ, ಗ್ವಾದ್ಲಿ, ದನದ ಕೊಟ್ಟಿಗಿ ಯಾವುದೂ ಬಿಡಬ್ಯಾಡ್ರಿ. ಹಳೇ ಪ್ರಿಂಟ್ ಮನ್ಯಾಗಿದ್ರ ಹಿಂಬದಿನೂ ಸ್ಕ್ಯಾನ್ ಮಾಡ್ರಿ, ಸ್ಟುಡಿಯೋದವ್ರ ಶಿಕ್ಕಾ, ಪೆನ್ನಿಂದ ಬರದ ತಾರೀಖು ಅಲ್ಲೇ ಇರ್ತಾವು. ಮೂಲ್ಯಾಗ ಕಿತ್ತಳಿ ಬಣ್ಣದಾಗ ಬಿದ್ದ ತಾರೀಖನ್ನ ಅಷ್ಟ್ ನಂಬಬ್ಯಾಡ್ರಿ, ಆಗಿನ ಕ್ಯಾಮೆರಾಕ್ಕ ಸೆಲ್ ಬದಲಿ ಮಾಡಿದ ಮ್ಯಾಲ ತಾರೀಖು ಸೆಟ್ ಮಾಡೋ ಮಂದಿ ಕಮ್ಮಿ.