ಅಮ್ಮ ತಡವಿ ನೋಡಿದ ಗವಿ

ಅಮ್ಮನ ಹರಕೆ ಎರಡು ವರ್ಷದಿಂದ ಬಾಕಿ ಇತ್ತು. ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ರಾತ್ರಿ ಹೊತ್ತುಕೊಂಡ ಹರಕೆ. ಚೆನ್ನೈನ ಚಿನ್ನಮಲೈಗೆ, ಯೇಸುಸ್ವಾಮಿಯ ಶಿಷ್ಯ ಸಂತ ತೋಮಾಸರ ಗವಿಗೆ ಬರ್ತೀನಿ ಅಂತ. ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟದ ಕೆಲಸ ಸ್ವಲ್ಪ ಬಿಡುವಾದ ಮೇಲೆ ಚಿಕ್ಕಮಗಳೂರಿಂದ ಬಸ್ಸು, ಬೆಂಗಳೂರಿಂದ ರೈಲು ಹಿಡಿದು ಹೊರಟೆವು.

ಗವಿ ನಮಗೆ ಹೊಸದಲ್ಲ. ಮುಳ್ಳಯ್ಯನಗಿರಿಯಲ್ಲಿ ಮುಳ್ಳಪ್ಪಸ್ವಾಮಿ ತಪಸ್ಸು ಮಾಡಿದರು ಅನ್ನುವ ಗವಿಗೆ ಪಕ್ಕದ ಮನೆ ಅಕ್ಕನ ಜೊತೆ ಚಿಕ್ಕಂದಿನಲ್ಲಿ ಎಷ್ಟೋ ಸಲ ನುಗ್ಗಿದ್ದೇನೆ. ಅಲ್ಲಿ ಬೆಟ್ಟ ಹತ್ತಬೇಕು, ಗಾಳಿಗೆ ಮೈ ನಡುಗುತ್ತದೆ. ಇಲ್ಲಿ ಮೆಟ್ರೋ ಇಳಿದು ಸ್ವಲ್ಪ ನಡೆದರೆ ಸಾಕು. ಇಷ್ಟೇನಾ ಬೆಟ್ಟ ಅನಿಸಿತು. ಹೆಸರೇ ಚಿಕ್ಕ ಬೆಟ್ಟ ಅಲ್ವಾ!

ತೋಮಾಸರು ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದರು, ಆಮೇಲೆ ಈ ಕಡೆ ಬಂದು, ಕೊಲ್ಲಲು ಬೆನ್ನಟ್ಟಿದವರ ಕಣ್ಣು ತಪ್ಪಿಸಿ ಇಲ್ಲಿ ಅಡಗಿದ್ದರು ಅನ್ನುವುದು ನಂಬಿಕೆ. 72ರಲ್ಲಿ ಅಲ್ಲೇ ಹತ್ತಿರದ ದೊಡ್ಡ ಬೆಟ್ಟದಲ್ಲಿ ಪ್ರಾಣ ಕೊಟ್ಟರಂತೆ. ಗವಿಯ ಹತ್ತಿರ 1551ರಲ್ಲಿ ಗುಡಿ ಕಟ್ಟಿಸಿದವರು ಪೋರ್ಚುಗೀಸರು.

ಒಳಗೆ ಹೋಗಲು ಸೊಂಟ ಬಗ್ಗಿಸಬೇಕು. ಮೇಣದ ವಾಸನೆ, ಸೆಕೆ, ಬೆವರು. ಬಂಡೆಯಲ್ಲಿ ಒಂದು ಕಿಂಡಿ. ಅದರ ಬಳಿ ಕೈ ಅಚ್ಚಿನಂಥ ಗುರುತು, ತೋಮಾಸರದ್ದು ಅಂತಾರೆ. ಬಂದವರೆಲ್ಲ ಅದನ್ನು ಮುಟ್ಟುತ್ತಾರೆ. ಅಮ್ಮನೂ ಮುಟ್ಟಿದಳು. ಕಾಫಿ ಹಣ್ಣು ಕೊಯ್ದು ಕೊಯ್ದು ಒರಟಾದ ಬೆರಳು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ಆದರೂ ಕಣ್ಣು ಮುಚ್ಚಿಕೊಂಡೇ ತಡವಿದಳು.

ಯೇಸುಸ್ವಾಮಿ ಸತ್ತು ಮತ್ತೆ ಎದ್ದು ಬಂದರು ಅಂದಾಗ, ಅವರ ಗಾಯಕ್ಕೆ ಬೆರಳಿಟ್ಟು ನೋಡದೆ ನಂಬಲ್ಲ ಅಂದವರು ಈ ತೋಮಾಸರು. ಅದಕ್ಕೇ ಅವರಿಗೆ ಸಂಶಯದವರು ಅನ್ನುವ ಹೆಸರು. ನನಗೆ ಮೊದಲಿಂದಲೂ ಅದು ಅಷ್ಟು ಸರಿ ಕಂಡಿಲ್ಲ. ಪಟ್ಟಿ ಕಟ್ಟಿದ್ದ ದಿನ ಅಮ್ಮ ನನ್ನ ಕೆನ್ನೆ, ಮೂಗು, ಗಲ್ಲದ ಮೇಲಿನ ಹಳೇ ಗಾಯದ ಗುರುತು ಎಲ್ಲ ತಡವಿ, ನಾನೇ ಅಂತ ಖಾತ್ರಿ ಆದ ಮೇಲೇ ನೀರು ಕುಡಿದಿದ್ದು. ಅದನ್ನು ಸಂಶಯ ಅಂತ ಯಾರು ಅಂತಾರೆ?

ತೋಮಾಸರಿಂದ ಚಿಮ್ಮಿತು ಅನ್ನುವ ಚಿಲುಮೆಯ ನೀರನ್ನು ಒಂದು ಬಾಟಲಿ ತಂದೆವು. ಊರಿಗೆ ಬಂದ ಸಂಜೆಯೇ ಅಮ್ಮ ಅರ್ಧ ಬಗ್ಗಿಸಿ ಪಕ್ಕದ ಮನೆಗೆ ಕೊಟ್ಟಳು. ಅಕ್ಕ ಕಣ್ಣಿಗೊತ್ತಿಕೊಂಡು ಕೇಳಿದರು:

"ನಮ್ಮ ಮುಳ್ಳಪ್ಪನ ಗವಿ ಥರಾನೇ ಇದ್ಯಾ?"

"ಹೂಂ, ಹಂಗೇ ಬಗ್ಗಬೇಕು," ಅಂದಳು ಅಮ್ಮ. "ಸೆಕೆ ಮಾತ್ರ ಜಾಸ್ತಿ."