ಭಯ ಅಂತ ಹೇಳಿದ ಹುಡುಗಿ

ಜಯನಗರದಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದ ಮನೆಯ ಪಿಯು ಹುಡುಗಿ ಹೇಳಿದಳು: "ಆಂಟಿ, ನಂಗೆ ಅಮ್ಮನ ಮೇಲೆ ಸಿಟ್ಟಿರಲಿಲ್ಲ. ಟೆಸ್ಟ್ ಭಯ ಇತ್ತು, ಅದಕ್ಕೇ ರೇಗಿಬಿಟ್ಟೆ." ಈ ವಯಸ್ಸಿಗೆ ತನ್ನ ಮನಸ್ಸನ್ನು ಇಷ್ಟು ಚೆನ್ನಾಗಿ ಅರಿಯುವುದು ದೊಡ್ಡ ವಿಷಯ ಅಲ್ವಾ?

ತನ್ನ ಮತ್ತು ಬೇರೆಯವರ ಭಾವನೆಗಳನ್ನು ಗುರುತಿಸಿ ನಡೆದುಕೊಳ್ಳುವ ಈ ಶಕ್ತಿಯನ್ನು ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ 1990ರಲ್ಲೇ ಭಾವನಾತ್ಮಕ ಬುದ್ಧಿವಂತಿಕೆ ಎಂದು ವಿವರಿಸಿದರು. ಎಲ್ಲರ ಜೊತೆ ಬೆರೆಯುವ ಸ್ವಭಾವದವರು ಸಾಮಾನ್ಯವಾಗಿ ಜಾಸ್ತಿ ಖುಷಿಯಾಗಿರುತ್ತಾರೆ, ಬೇಗ ಆತಂಕಪಡುವವರಿಗೆ ಖುಷಿ ಕಡಿಮೆ. ಸ್ವಭಾವ ಬೇಗ ಬದಲಾಗುವುದಿಲ್ಲ. ಆದರೆ ಭಾವನೆ ಗುರುತಿಸುವುದನ್ನು ಕಲಿಸಬಹುದು, ನನ್ನ ಭರವಸೆ ಇರುವುದು ಅಲ್ಲೇ. ದುಡುಕನ್ನು ತಡೆಯುವ ಮಿದುಳಿನ ಮುಂಭಾಗ ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹದಿನಾರರ ಮಗುವನ್ನು ಸುಮ್ನೆ ಮುಂಗೋಪಿ ಅಂದುಬಿಡುವುದು ಅನ್ಯಾಯ.

ಮನೆಯಲ್ಲಿ ಹೇಳಿಕೊಳ್ಳಲು ಆಗದ ಮಕ್ಕಳಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹದಿಹರೆಯದ ಮಕ್ಕಳಿರುವ ಮನೆಯವರು ದಯವಿಟ್ಟು ನಂಬರ್ ಬರೆದಿಟ್ಟುಕೊಳ್ಳಿ, ಮಕ್ಕಳಿಗೂ ಕೊಡಿ.