ಡರ್ಬಿ ಹಿಲ್‌ಗೆ ಗಿಡುಗ ನೋಡಲು ಹೋಗ್ತೀರಾ? ಮೊದಲು ಗಾಳಿ ನೋಡಿ

ನ್ಯೂಯಾರ್ಕ್ ರಾಜ್ಯದಲ್ಲಿ ಒಂಟಾರಿಯೊ ಸರೋವರದ ದಂಡೆಯ ಹಕ್ಕಿ ನೋಡುವ ಜಾಗವಾದ ಡರ್ಬಿ ಹಿಲ್‌ಗೆ ಈ ವಸಂತದಲ್ಲಿ ಹೋಗಬೇಕು ಅಂದುಕೊಂಡಿದ್ದರೆ, ಹೋಟೆಲ್ ಬುಕ್ ಮಾಡುವ ಮೊದಲು ಗಾಳಿಯ ಮುನ್ಸೂಚನೆ ನೋಡಿ. ದಕ್ಷಿಣದಿಂದ ಗಾಳಿ ಬೀಸುವ ದಿನ ಅಲ್ಲಿ ಸಾವಿರಗಟ್ಟಲೆ ಗಿಡುಗಗಳು ತಲೆ ಮೇಲೆ ಹಾದುಹೋಗುತ್ತವೆ. ಉತ್ತರದಿಂದ ಬೀಸಿದರೆ ಅದೇ ಆಕಾಶ ಹೆಚ್ಚುಕಡಿಮೆ ಖಾಲಿ. ಶನಿವಾರ, ಭಾನುವಾರ ಅಂತ ಲೆಕ್ಕ ಹಾಕಬೇಡಿ. ಮಂಗಳವಾರ ದಕ್ಷಿಣದ ಗಾಳಿ ಇದೆ ಅಂದರೆ ಮಂಗಳವಾರವೇ ರಜೆ ಹಾಕಿ.

ಯಾಕೆ ಹೀಗೆ? ಗಿಡುಗಗಳು ಸುಮ್ನೆ ರೆಕ್ಕೆ ಬಡಿದು ದಣಿಯುವುದಿಲ್ಲ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರಿ, ಅಲ್ಲಿಂದ ಮುಂದಕ್ಕೆ ತೇಲುತ್ತವೆ. ಒಂಟಾರಿಯೊ ಸರೋವರ ಸುಮಾರು 310 ಕಿ.ಮೀ. ಉದ್ದ, 85 ಕಿ.ಮೀ. ಅಗಲ. ಅದರ ತಣ್ಣನೆಯ ನೀರಿನ ಮೇಲೆ ಅಂಥ ಬಿಸಿಗಾಳಿ ಏಳುವುದಿಲ್ಲ. ಹಾಗಾಗಿ ಕೆನಡಾ ಕಡೆ ಹೊರಟ ಹಕ್ಕಿಗಳು ದಡಕ್ಕೆ ಬಂದು ತಡೆದು, ಪೂರ್ವಕ್ಕೆ ತಿರುಗಿ, ದಂಡೆ ಹಿಡಿದೇ ಸಾಗುತ್ತವೆ. ಡರ್ಬಿ ಹಿಲ್ ಇರುವುದು ಸರೋವರದ ಆಗ್ನೇಯ ಮೂಲೆಯಲ್ಲಿ. ಅಲ್ಲಿಂದ ದಂಡೆ ಉತ್ತರಕ್ಕೆ ತಿರುಗುತ್ತದೆ. ದಕ್ಷಿಣದ ಗಾಳಿ ಹಕ್ಕಿಗಳನ್ನು ದಡಕ್ಕೇ ತಳ್ಳಿದಾಗ ಎಲ್ಲವೂ ಈ ಮೂಲೆಯ ಮೇಲೇ ಬರಬೇಕು. ಒಂದೆರಡು ದಿನ ಮಳೆ ಸುರಿದು ಹಕ್ಕಿಗಳೆಲ್ಲ ಹಿಂದೆ ಉಳಿದು, ಆಮೇಲೆ ಬಿಸಿಲು ಬಿದ್ದು ದಕ್ಷಿಣದ ಗಾಳಿ ಎದ್ದರಂತೂ ಕೇಳಲೇಬೇಡಿ.

ಜಾಗ ಸಿರಾಕ್ಯೂಸ್‌ನಿಂದ ಕಾರಿನಲ್ಲಿ ಗಂಟೆಯೊಳಗಿನ ದಾರಿ, ಮೆಕ್ಸಿಕೊ ಅನ್ನುವ ಸಣ್ಣ ಊರಿನ ಹತ್ತಿರ. ನ್ಯೂಜೆರ್ಸಿ ಕಡೆಯಿಂದ ಬರುವವರು ಹಿಂದಿನ ರಾತ್ರಿಯೇ ಸಿರಾಕ್ಯೂಸ್‌ಗೆ ಬಂದು ಮಲಗುವುದು ವಾಸಿ. ಒನೊಂಡಾಗ ಆಡುಬಾನ್ ಅನ್ನುವ ಪಕ್ಷಿ ಸಂರಕ್ಷಣಾ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಹಕ್ಕಿ ನೋಡಲು ಎರಡು ಜಾಗಗಳಿವೆ. ದಕ್ಷಿಣದ ಗಾಳಿಗೆ ನೀರಿನ ಅಂಚಿನ ದಿಬ್ಬದ ಮೇಲಿರುವ ಉತ್ತರದ ಜಾಗ. ಗಾಳಿ ಉತ್ತರದಿಂದ ಬೀಸಿದರೆ ಬರುವ ಹಕ್ಕಿಗಳು ಒಳನಾಡಿಗೆ ಸರಿಯುತ್ತವೆ, ಆಗ ದಕ್ಷಿಣದ ಜಾಗ. ಹಾದುಹೋಗುವ ಗಿಡುಗಗಳನ್ನು ಎಣಿಸುವವರು ಎಲ್ಲಿ ಕೂತಿದ್ದಾರೋ ಅಲ್ಲಿಗೇ ಹೋಗಿ.

ಏಪ್ರಿಲ್ 20ರಿಂದ ತಿಂಗಳ ಕೊನೆಯವರೆಗೆ ಬ್ರಾಡ್-ವಿಂಗ್ಡ್ ಹಾಕ್‌ಗಳ ಕಾಲ. ಕಾಗೆ ಗಾತ್ರದ ಗಿಡುಗ, ರೆಕ್ಕೆಯ ಅಡಿ ಬೆಳ್ಳಗೆ, ಅಂಚು ಮಾತ್ರ ಕಪ್ಪು, ಬಾಲದಲ್ಲಿ ಕಪ್ಪು ಬಿಳುಪಿನ ದಪ್ಪ ಪಟ್ಟೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆದು ಬರುವ ಇವು ಗುಂಪಾಗಿಯೇ ಹಾರುತ್ತವೆ. ಬೆಳಗ್ಗೆ ಒಂಬತ್ತರ ನಂತರ ನೆಲ ಕಾದಾಗ ದೂರದಲ್ಲಿ ಕರೀ ಚುಕ್ಕಿಗಳು ಸುತ್ತಲು ಶುರುವಾಗುತ್ತವೆ. ಅವುಗಳನ್ನು ಆಗಲೇ ಎಣಿಸಲು ಹೋಗಬೇಡಿ, ಒಂದೇ ಹಕ್ಕಿ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಕಾಯಿರಿ. ಎಲ್ಲಕ್ಕಿಂತ ಮೇಲಿನದು ಸುತ್ತುವುದನ್ನು ನಿಲ್ಲಿಸುತ್ತದೆ, ರೆಕ್ಕೆ ಸ್ವಲ್ಪ ಮಡಚುತ್ತದೆ, ಪೂರ್ವಕ್ಕೆ ಜಾರುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ನೂಲಿನ ಉಂಡೆಯಿಂದ ಎಳೆ ಬಿಚ್ಚಿದ ಹಾಗೆ ಸಾಲು ಹೊರಡುತ್ತದೆ. ಎಣಿಸಬೇಕಾದ್ದು ಆಗ. ಎಣಿಸುವವರ ಹೆಬ್ಬೆರಳು ಕೈಯಲ್ಲಿನ ಕ್ಲಿಕ್ಕರ್ (ಒತ್ತಿದಾಗೊಮ್ಮೆ ಒಂದು ಎಣಿಸುವ ಪುಟ್ಟ ಸಾಧನ) ಮೇಲೆ ಟಕ್ ಟಕ್ ಅಂತ ಓಡುತ್ತಿರುತ್ತದೆ. ಸಾಲು ದಟ್ಟವಾದರೆ ಹತ್ತು ಹತ್ತಾಗಿ ಹಿಡಿಯುತ್ತಾರೆ. ಆ ಹೊತ್ತಲ್ಲಿ ಅವರನ್ನು ಮಾತಾಡಿಸಬೇಡಿ. ಬಿಡುವಾದಾಗ ಕೇಳಿ, ತಾಳ್ಮೆಯಿಂದ ಹೇಳಿಕೊಡುತ್ತಾರೆ. ಮಕ್ಕಳನ್ನು ಕರೆದೊಯ್ದರೆ ಅವರಿಗೂ ಒಂದು ಕ್ಲಿಕ್ಕರ್ ಕೊಡಿ.

ಈ ಲೆಕ್ಕ ಬರೀ ಖುಷಿಗಲ್ಲ ಅನ್ನುವುದು ನನಗೆ ಬಹಳ ಮುಖ್ಯ. ಗಂಟೆಗಂಟೆಗೂ ಜಾತಿವಾರು ಸಂಖ್ಯೆ, ಗಾಳಿ, ಮೋಡ ಎಲ್ಲ ಬರೆದಿಡುತ್ತಾರೆ. ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನಲ್ಲಿ 1930ರ ದಶಕದಿಂದ ಹೀಗೆ ಬರೆದಿಟ್ಟ ಲೆಕ್ಕದಲ್ಲೇ ಎಳೆಯ ಬಾಲ್ಡ್ ಈಗಲ್‌ಗಳು ಕಡಿಮೆಯಾಗುತ್ತಿರುವುದು ಕಂಡದ್ದು. ಡಿಡಿಟಿ ಅನ್ನುವ ಕೀಟನಾಶಕದಿಂದ ಅವುಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. 2007ರಲ್ಲಿ ಬಾಲ್ಡ್ ಈಗಲ್ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಹೊರಬಂತು. ಇವತ್ತು ಡರ್ಬಿ ಹಿಲ್‌ನಲ್ಲಿ ಕೂತರೆ ಅವು ಆರಾಮಾಗಿ ಕಾಣುತ್ತವೆ.

ನಡುಮಧ್ಯಾಹ್ನ ಹಕ್ಕಿಗಳು ತುಂಬಾ ಎತ್ತರಕ್ಕೆ ಹೋಗಿಬಿಡುತ್ತವೆ. ಬರೀ ನೀಲಿ ಆಕಾಶದಲ್ಲಿ ಹುಡುಕುವುದು ಕಷ್ಟ, ಬಿಳಿ ಮೋಡದ ಮೇಲೆ ಕಣ್ಣಿಟ್ಟರೆ ಚುಕ್ಕಿ ಬೇಗ ಸಿಗುತ್ತದೆ. 8x42 ಬೈನಾಕ್ಯುಲರ್ ಸಾಕು. ಹಿಂದಕ್ಕೆ ಒರಗುವ ಕುರ್ಚಿ ಮಾತ್ರ ಬೇಕೇ ಬೇಕು, ಇಲ್ಲದಿದ್ದರೆ ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಸಿರಾಕ್ಯೂಸ್‌ನಲ್ಲಿ ಟೀ ಶರ್ಟ್ ಸಾಕೆನಿಸಿದರೂ ನೀರಿನ ಕಡೆಯಿಂದ ಗಾಳಿ ಬಂದರೆ ಜಾಕೆಟ್, ಟೋಪಿ ಎರಡೂ ಬೇಕಾಗುತ್ತವೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೇ ಹೋಗಿ. ಹಕ್ಕಿ ಜೋರಾಗಿ ಬರುವಾಗ ಊಟಕ್ಕೆ ಅಂತ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಏಪ್ರಿಲ್‌ನಲ್ಲಿ ಆಗದಿದ್ದರೆ ಮೇ ತಿಂಗಳಲ್ಲಿ ಹೋಗಿ, ಎಳೆಯ ಬ್ರಾಡ್-ವಿಂಗ್ಡ್‌ಗಳು ಆಗ ಬರುತ್ತವೆ. ಮಾರ್ಚ್‌ನಲ್ಲಿ ಸಂಖ್ಯೆ ಕಡಿಮೆ, ಜಾತಿಗಳು ಬೇರೆ. ರೆಡ್-ಶೋಲ್ಡರ್ಡ್ ಹಾಕ್, ಗೋಲ್ಡನ್ ಈಗಲ್ ನೋಡುವ ಆಸೆ ಇದ್ದವರಿಗೆ ಅದೇ ಕಾಲ. ಹೆಸರಘಟ್ಟದ ಹುಲ್ಲುಗಾವಲಲ್ಲಿ ಸೆಳೆವ (ಹ್ಯಾರಿಯರ್) ಹಕ್ಕಿ ನೋಡಿದವರಿಗೆ ಇಲ್ಲಿನ ನಾರ್ದರ್ನ್ ಹ್ಯಾರಿಯರ್ ತಕ್ಷಣ ಗುರುತು ಸಿಗುತ್ತದೆ, ರೆಕ್ಕೆ ಎತ್ತಿ ತೇಲುವ ಅದೇ ಧಾಟಿ. ಮಾರ್ಚ್‌ನಲ್ಲಿ ಹಿಮ ಇರಬಹುದು, ಬೂಟು ಹಾಕಿಕೊಂಡು ಹೋಗಿ.